ಮಚ್ಛೇಂದ್ರ ಡ್ರೈವರ್ ಮತ್ತು ಕಟ್ಟಿಗೆ ಅಡ್ಡಾದ ಸರ್ಕಲ್

ಭಾಲ್ಕಿಯಿಂದ ಬೀದರಿಗೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಇಪ್ಪತ್ತು ವರ್ಷದಿಂದ ಸ್ಟೇರಿಂಗ್ ಹಿಡಿದಿದ್ದ ಮಚ್ಛೇಂದ್ರನಿಗೆ ಆ ದಾರಿಯ ಒಂದೊಂದು ತಗ್ಗೂ ಗೊತ್ತಿತ್ತು. ಎಲ್ಲಿ ಎಮ್ಮೆಗಳು ಅಡ್ಡ ಬರುತ್ತವೆ, ಯಾವ ಊರಿನ ಮಾಸ್ತರು ದಿನಾಲೂ ತಡವಾಗಿ ಓಡಿಬರುತ್ತಾರೆ, ಎಲ್ಲವೂ ಗೊತ್ತು. ಕಂಡಕ್ಟರ್ ಜೊತೆ ಹರಟುತ್ತಲೇ ಅರ್ಧ ದಾರಿ ಕಳೆಯುವ ಮನುಷ್ಯ ಅವನು. ಆದರೆ ಬೀದರ ಇನ್ನು ನಾಲ್ಕು ಕಿಲೋಮೀಟರ್ ಇದೆ ಎನ್ನುವಾಗ ಕಟ್ಟಿಗೆ ವ್ಯಾಪಾರದ ಜಾಗವಾದ ಕಟ್ಟಿಗೆ ಅಡ್ಡಾದ ಕ್ರಾಸ್ ಬರುತ್ತದೆ. ಅದು ಕಣ್ಣಿಗೆ ಬಿತ್ತೆಂದರೆ ಅವನ ಮಾತು ನಿಂತುಬಿಡುತ್ತಿತ್ತು. ಕ್ರಾಸ್ ದಾಟುವವರೆಗೆ ಕಂಡಕ್ಟರ್ ಏನು ಕೇಳಿದರೂ ಉತ್ತರವಿಲ್ಲ. ಡಿಪೊದಲ್ಲಿ ಎಲ್ಲರಿಗೂ ಇದು ಗೊತ್ತಿತ್ತು. ಯಾಕೆಂದೂ ಗೊತ್ತಿತ್ತು, ಹಾಗಾಗಿ ಯಾರೂ ಕೇಳುತ್ತಿರಲಿಲ್ಲ.

ಮಚ್ಛೇಂದ್ರ ಖಟಕ ಚಿಂಚೋಳಿಯವನು. ಅಪ್ಪ ಬೇರೆಯವರ ಹೊಲದಲ್ಲಿ ದುಡಿದು ಮಗನನ್ನು ಹತ್ತನೇ ತರಗತಿವರೆಗೆ ಓದಿಸಿದ. ಮುಂದೆ ಮಚ್ಛೇಂದ್ರ ಲಾರಿಯಲ್ಲಿ ಕ್ಲೀನರ್ ಆದ, ಆಮೇಲೆ ಡ್ರೈವರ್ ಆದ, ಇಪ್ಪತ್ತೆಂಟರ ಹೊತ್ತಿಗೆ ಸರ್ಕಾರಿ ಬಸ್ಸಿನ ಕೆಲಸ ಸಿಕ್ಕಿತು. ಮೊದಲು ಔರಾದ ಕಡೆಯ ರೂಟು, ಆಮೇಲೆ ಭಾಲ್ಕಿ. ಖಾಕಿ ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಳ್ಳುತ್ತಿದ್ದ. ಹದಿನೆಂಟು ವರ್ಷ ಒಂದು ಅಪಘಾತವಿಲ್ಲದೆ ಗಾಡಿ ಹೊಡೆದ. ಅದಕ್ಕೆ ಡಿಪೊದವರು ಒಂದು ಪ್ರಶಸ್ತಿಪತ್ರ ಕೊಟ್ಟಿದ್ದರು. ಹೆಂಡತಿ ಕೇಶರಬಾಯಿ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು.

ಎರಡು ಸಾವಿರದ ಹನ್ನೆರಡರ ನವೆಂಬರ್‌ನಲ್ಲಿ, ಒಂದು ಮುಂಜಾನೆ ಏಳೂವರೆಗೆ, ಆ ಕ್ರಾಸಿನಲ್ಲೇ, ಎಡಗಡೆಯ ಹಳ್ಳಿ ರಸ್ತೆಯಿಂದ ಒಂದು ಮೋಟರ್‌ಸೈಕಲ್ ಅವನ ಬಸ್ಸಿನ ಮುಂದೆ ಬಂತು. ಮಚ್ಛೇಂದ್ರ ಬ್ರೇಕ್ ಒತ್ತಿದ. ಬಸ್ಸು ನಿಂತಿತು, ಆದರೆ ಬಡಿದ ಮೇಲೆ ನಿಂತಿತು. ಮೋಟರ್‌ಸೈಕಲ್ಲಿನಲ್ಲಿದ್ದವನ ಹೆಸರು ಮಹಮ್ಮದ ಇಸ್ಮಾಯಿಲ. ಬಗದಲ್ ಕಡೆಯವನು, ಬೀದರ ಹಳೇ ಊರಿನಲ್ಲಿ ಮನೆ, ಬಡಗಿ ಕೆಲಸ. ಆಗ ಅವನಿಗೆ ಇಪ್ಪತ್ತಾರು ವರ್ಷ. ಜೀವ ಉಳಿಯಿತು, ಬಲಗಾಲಿನ ಮೂಳೆ ಎರಡು ಕಡೆ ಮುರಿಯಿತು.

ಪೊಲೀಸರು ಬಂದರು, ಇಲಾಖೆಯ ವಿಚಾರಣೆ ನಡೆಯಿತು. ಡ್ರೈವರನ ತಪ್ಪಿಲ್ಲ ಎಂದು ಬರೆದು ಕಡತ ಮುಚ್ಚಿದರು. ಮಚ್ಛೇಂದ್ರ ಮಾತ್ರ ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಬರುತ್ತಿದ್ದ. ಇಸ್ಮಾಯಿಲನ ತಾಯಿ ವಜೀರಬೀ ಮೊದಲ ಸಲ ಮುಖ ತಿರುಗಿಸಿದಳು. ಮೂರನೇ ಸಲ ಕೂರಲು ಸ್ಟೂಲ್ ಎಳೆದು ಕೊಟ್ಟಳು. ಅಲ್ಲಿಗೆ ಹೋದರೂ ಮಚ್ಛೇಂದ್ರ ಏನೂ ಮಾತಾಡುತ್ತಿರಲಿಲ್ಲ. ಹಣ್ಣಿನ ಚೀಲ ಇಟ್ಟು, ಹತ್ತು ನಿಮಿಷ ಕೂತು, ಎದ್ದು ಬರುತ್ತಿದ್ದ.

ಕಾಲು ಕೂಡಿತು, ಆದರೆ ತುಸು ಗಿಡ್ಡಾಯಿತು. ದಿನವಿಡೀ ನಿಂತು ರಂಧಾ ಹೊಡೆದು ಕಟ್ಟಿಗೆ ನಯ ಮಾಡುವುದು ಇಸ್ಮಾಯಿಲನಿಂದ ಆಗದಾಯಿತು. ಕಟ್ಟಿಗೆ ಅಡ್ಡಾದ ಮಾಲೀಕರು ಅವನನ್ನು ಕಾಟಾದ ಮೇಲೆ ಕೂಡಿಸಿಕೊಂಡರು. ಕಾಟಾ ಎಂದರೆ ಲಾರಿ ಸಮೇತ ಕಟ್ಟಿಗೆ ತೂಗುವ ಜಾಗ. ಪಕ್ಕದ ಗಾಜಿನ ಕೋಣೆಯಲ್ಲಿ ಕುಳಿತು ತೂಕದ ಚೀಟಿ ಬರೆಯುವ ಕೆಲಸ. ಅದೇ ಕ್ರಾಸು, ಅದೇ ಮೂಲೆ. ಮಚ್ಛೇಂದ್ರನ ಬಸ್ಸು ಹಾದಾಗಲೆಲ್ಲ ಇಸ್ಮಾಯಿಲ ಗಾಜಿನ ಒಳಗಿನಿಂದ ಕೈ ಎತ್ತುತ್ತಿದ್ದ. ಮಚ್ಛೇಂದ್ರನೂ ಎತ್ತುತ್ತಿದ್ದ. ಹನ್ನೊಂದು ವರ್ಷ ಅವರಿಬ್ಬರ ನಡುವೆ ನಡೆದದ್ದು ಅಷ್ಟೇ.

ತಪ್ಪಿಲ್ಲ ಎಂದು ಕಾಗದ ಹೇಳಿತ್ತು. ಆದರೆ ಆ ಕಾಗದ ಬರೆದವರು ಬಸ್ಸಿನಲ್ಲಿ ಇರಲಿಲ್ಲ. ಬ್ರೇಕಿನ ಮೇಲೆ ಕಾಲು ಇಡಲು ತಾನು ಅರೆಗಳಿಗೆ ತಡ ಮಾಡಿದೆನೇ? ಕಂಡಕ್ಟರ್ ಏನೋ ಹೇಳುತ್ತಿದ್ದ, ತಾನು ನಗುತ್ತಿದ್ದೆ, ಅದು ಅವನಿಗೆ ನೆನಪಿದೆ. ಆ ನಗುವಿನಲ್ಲಿ ಎಷ್ಟು ಹೊತ್ತು ಹೋಯಿತು? ಇದನ್ನು ಅವನು ಕೇಶರಬಾಯಿಗೂ ಹೇಳಿರಲಿಲ್ಲ.

ಎರಡು ಸಾವಿರದ ಇಪ್ಪತ್ತಮೂರರಲ್ಲಿ ಆ ಕ್ರಾಸಿನಲ್ಲಿ ಒಂದೇ ತಿಂಗಳಲ್ಲಿ ಮೂವರಿಗೆ ತಲೆಗೆ ಪೆಟ್ಟಾಯಿತು. ಜನ ರಸ್ತೆಯ ಮೇಲೆ ಧರಣಿ ಕುಳಿತರು. ಕೆಲವರು ಹಂಪ್ ಹಾಕಿ ಎಂದರು, ಕೆಲವರು ಸಿಗ್ನಲ್ ಎಂದರು. ಒಂದೂವರೆ ತಿಂಗಳ ಮೇಲೆ ಸರ್ಕಾರದ ರಸ್ತೆ ಸಂಶೋಧನೆಯ ವಿಭಾಗದಿಂದ ನಾಲ್ಕು ಜನ ಬಂದು ಕಂಬಕ್ಕೆ ಕ್ಯಾಮೆರಾ ಕಟ್ಟಿದರು. ಅವರ ಮುಖ್ಯಸ್ಥೆ ರಾಧಿಕಾ, ಮೂವತ್ತೆರಡರ ಎಂಜಿನಿಯರ್, ಬೀದರದ ಹುಡುಗಿಯೇ. ಡಿಪೊಗೆ ಬಂದು ಡ್ರೈವರುಗಳನ್ನು ಕೂಡಿಸಿ ಆಕೆ ನೇರವಾಗಿ ಹೇಳಿದಳು.

"ನಾವು ಅಲ್ಲಿ ಸರ್ಕಲ್ ಮಾಡಬೇಕು ಅಂತ ವಿಚಾರ ಮಾಡ್ಲಾಕತ್ತೀವ್ರಿ. ಬ್ಯಾರೆ ಜಿಲ್ಲಾದಾಗ ನಾಕು ಕ್ರಾಸಿನ್ಯಾಗ ಮಾಡಿ, ಎರಡೆರಡು ವರ್ಷ ನೋಡೀವಿ. ಗಾಡಿ ಬಡಿಯೋದು ಪೂರಾ ನಿಂತಿಲ್ರಿ. ಆದ್ರ ದವಾಖಾನಿಗಿ ಹೋಗೋ ಮಂದಿ ಅರ್ಧಕ್ಕಿಂತ ಕಡಿಮಿ ಆಗ್ಯಾರ."

ಡ್ರೈವರುಗಳ ಪರವಾಗಿ ಮಾತಾಡುವವನು ಸಂಜುಕುಮಾರ. ಅವನು ಎದ್ದು ನಿಂತ. "ಮೇಡಂ, ನಮ್ಮ ಬಸ್ ಹನ್ನೊಂದು ಮೀಟರ್ ಉದ್ದ ಅದರಿ. ನಿಮ್ಮ ಸರ್ಕಲ್ ಸುತ್ತ ಅದು ತಿರಗಂಗಿಲ್ಲ. ಹಿಂದಿನ ಗಾಲಿ ಕಲ್ಲಿಗಿ ಬಡದು ಟೈರ್ ಹೋದ್ರ ಮೆಮೊ ನಮಗ ಬರ್ತದ."

ಮಚ್ಛೇಂದ್ರನಿಗೂ ಅದು ಸರಿ ಎನಿಸಿತು. ಎಲ್ಲರಿಗಿಂತ ಹಿರಿಯನಾದ್ದರಿಂದ ಆಕ್ಷೇಪಣೆಯ ಪತ್ರ ಅವನೇ ಬರೆದ. ಇಪ್ಪತ್ತಮೂರು ಡ್ರೈವರುಗಳು ಸಹಿ ಹಾಕಿದರು. ಪತ್ರ ಓದಿದ ರಾಧಿಕಾ ಮರುದಿನ ಬೆಳಿಗ್ಗೆ ಭಾಲ್ಕಿ ಬಸ್‌ಸ್ಟ್ಯಾಂಡಿಗೆ ಬಂದು ಅವನದೇ ಬಸ್ಸು ಹತ್ತಿ, ಬಾನೆಟ್ಟಿನ ಪಕ್ಕದ ಸೀಟಿನಲ್ಲಿ ಕುಳಿತಳು. ನಾಲ್ಕು ದಿನ ಹಾಗೆ ಬಂದಳು. ಕಟ್ಟಿಗೆ ಅಡ್ಡಾ ಹತ್ತಿರವಾದಾಗ ಅವನ ಮಾತು ನಿಲ್ಲುವುದನ್ನು ಆಕೆಯೂ ನೋಡಿದಳು.

"ಕಾಕಾ, ಇಲ್ಲಿ ಏನರೇ ಆಗಿತ್ತೇನ್ರಿ?" ಎಂದು ನಾಲ್ಕನೇ ದಿನ ಕೇಳಿದಳು.

"ಕಾಟಾದ ಮ್ಯಾಲ ಒಬ್ಬ ಕುಂತಾನ ನೋಡ್ರಿ. ಅವನಿಗೇ ಕೇಳ್ರಿ," ಎಂದ ಮಚ್ಛೇಂದ್ರ.

ಆಕೆ ಹೋಗಿ ಕೇಳಿದಳು. ಇಸ್ಮಾಯಿಲ ತನ್ನ ಕಥೆಯನ್ನು ಎರಡು ಮಾತಿನಲ್ಲಿ ಮುಗಿಸಿದ. ಆಮೇಲೆ ಡ್ರಾವರ್ ಎಳೆದು, ಹಳೇ ಚೀಟಿ ಪುಸ್ತಕಗಳ ಒಂದು ಕಟ್ಟು ತೆಗೆದಿಟ್ಟ. ಚೀಟಿಗಳ ಬೆನ್ನಿಗೆ, ಆ ಕ್ರಾಸಿನಲ್ಲಿ ತಾನು ಕಂಡ ಒಂದೊಂದು ಅಪಘಾತವನ್ನೂ ಉರ್ದುವಿನಲ್ಲಿ ಬರೆದಿದ್ದ. ಯಾವ ದಿನ, ಎಷ್ಟು ಗಂಟೆ, ಯಾವ ಗಾಡಿ, ಯಾವ ಕಡೆಯಿಂದ ಬಂತು. ಯಾರಿಗೂ ತೋರಿಸಲೆಂದು ಬರೆದದ್ದಲ್ಲ. ಸದ್ದು ಕೇಳಿದಾಗಲೆಲ್ಲ ಬರೆದಿಡದೆ ಅವನಿಗೆ ಬೇರೆ ಕೆಲಸಕ್ಕೆ ಕೈ ಹೋಗುತ್ತಿರಲಿಲ್ಲ, ಅಷ್ಟೇ. ಪೊಲೀಸ್ ದಾಖಲೆಯಲ್ಲಿ ಮೂರು ವರ್ಷಕ್ಕೆ ಹದಿನಾಲ್ಕು ಪ್ರಕರಣಗಳಿದ್ದವು. ಇಸ್ಮಾಯಿಲನ ಚೀಟಿಗಳಲ್ಲಿ ಅದೇ ಮೂರು ವರ್ಷಕ್ಕೆ ಅರವತ್ತೊಂದು. ಅದರಲ್ಲಿ ನಲವತ್ತು ಎಡಗಡೆಯ ಹಳ್ಳಿ ರಸ್ತೆಯವು.

ರಾಧಿಕಾ ಆ ರಾತ್ರಿಯೇ ಮೇಲಿನವರಿಗೆ ಬರೆದು, ಬರುವ ಭಾನುವಾರ ಒಂದು ಖಾಲಿ ಬಸ್ಸು ಬೇಕೆಂದು ಡಿಪೊದಿಂದ ಅನುಮತಿ ಪಡೆದಳು. ಬಸ್ಸು ತರುವವನು ಮಚ್ಛೇಂದ್ರನೇ ಆಗಬೇಕೆಂದಳು.

ಭಾನುವಾರ ಬೆಳಿಗ್ಗೆ ಆರೂವರೆ. ಪೊಲೀಸರು ಅರ್ಧ ಗಂಟೆ ರಸ್ತೆ ತಡೆದಿದ್ದರು. ಎಡಗಡೆಯ ರಸ್ತೆಯಲ್ಲಿ ಮೋಟರ್‌ಸೈಕಲ್ ಸವಾರನ ಎತ್ತರಕ್ಕೆ ಕೆಂಪು ಬಿಳಿ ಪಟ್ಟಿಯ ಕೋಲು ಹಿಡಿದು ಒಬ್ಬರು ನಿಲ್ಲಬೇಕಿತ್ತು. ಮಚ್ಛೇಂದ್ರ ಬಸ್ಸನ್ನು ಮೆಲ್ಲಗೆ ತಂದು, ಕೋಲು ಕಂಡ ಕೂಡಲೇ ನಿಲ್ಲಿಸಬೇಕು. ಕೋಲು ಹಿಡಿಯಲು ಇಸ್ಮಾಯಿಲ ತಾನೇ ಮುಂದೆ ಬಂದ.

"ನೀ ಯಾಕ ನಿಂದರ್ತಿ, ಬ್ಯಾರೆಯವರು ಅದಾರಲ್ಲ," ಎಂದ ಮಚ್ಛೇಂದ್ರ.

"ಜಾಗಾ ನನಗೇ ಗೊತ್ತದ ಡ್ರೈವರ್ ಸಾಬ್," ಎಂದ ಇಸ್ಮಾಯಿಲ, ಕುಂಟುತ್ತ ಹೋಗಿ ನಿಂತ.

ಬಸ್ಸು ಹೊರಟಿತು. ಮೂಲೆಯಲ್ಲಿ ಕಟ್ಟಿಗೆಯ ರಾಶಿ, ಅದರಾಚೆ ಕಾಟಾದ ಗೋಡೆ, ಅದರಾಚೆ ಒಂದು ಬೇಲಿ. ಮಚ್ಛೇಂದ್ರ ಕಣ್ಣು ಪಿಳುಕಿಸದೆ ನೋಡುತ್ತಿದ್ದ. ಕೋಲು ಎಲ್ಲಿಯೂ ಇರಲಿಲ್ಲ. ಇನ್ನೂ ಮುಂದೆ ಬಂದ. ಇನ್ನೂ ಇಲ್ಲ. ಕ್ರಾಸು ಬಂದೇಬಿಟ್ಟಿತು ಎನ್ನುವಾಗ ಗೋಡೆಯ ಅಂಚಿನಿಂದ ಇಸ್ಮಾಯಿಲ ಪೂರ್ತಿಯಾಗಿ, ಕೋಲು ಸಮೇತ, ಒಮ್ಮೆಲೇ ಕಂಡ. ಮಚ್ಛೇಂದ್ರ ಬ್ರೇಕ್ ಹಾಕಿದ. ಬಸ್ಸಿನ ಮೂತಿಯಿಂದ ಕೋಲಿನವರೆಗೆ ಇಬ್ಬರು ಟೇಪು ಎಳೆದು ಅಳೆದರು. ಹದಿನೆಂಟು ಮೀಟರ್. ಮೂರು ಸಲ ಮಾಡಿದರು, ಮೂರು ಸಲವೂ ಹದಿನೆಂಟರ ಆಸುಪಾಸೇ ಬಂತು.

ರಾಧಿಕಾ ಬಸ್ಸಿನ ಮೆಟ್ಟಿಲ ಮೇಲೆ ಕುಳಿತು ಲೆಕ್ಕ ಹಾಕಿದಳು. ಮಚ್ಛೇಂದ್ರ ಸೀಟಿನಿಂದ ಇಳಿಯಲಿಲ್ಲ.

"ಕಾಕಾ, ಅವತ್ತು ಸ್ಪೀಡ್ ಎಷ್ಟಿತ್ರಿ?"

"ನಲವತ್ತು ಇತ್ರಿ. ಜಾಸ್ತಿ ಇರಲಿಲ್ಲ."

"ನಲವತ್ತರಾಗ ಈ ಬಸ್ ನಿಂದರಬೇಕಂದ್ರ ಮೂವತ್ತು ಮೀಟರ್‌ಕ್ಕಿಂತ ಜಾಸ್ತಿ ಬೇಕ್ರಿ. ಕಣ್ಣಿಗಿ ಕಂಡು, ಕಾಲು ಬ್ರೇಕಿಗಿ ಹೋಗೋದ್ರಾಗೇ ಹದಿನಾರು ಹದಿನೇಳು ಮೀಟರ್ ಹೋಗ್ತದ. ಯಾರ ಕಾಲೇ ಇರ್ಲಿ."

ಮಚ್ಛೇಂದ್ರ ಸ್ಟೇರಿಂಗಿನಿಂದ ಕೈ ತೆಗೆದ. ಆಮೇಲೆ ಹನ್ನೊಂದು ವರ್ಷ ಒಳಗೆ ಇಟ್ಟುಕೊಂಡಿದ್ದನ್ನು ಕೇಳಿದ. "ಅವತ್ತು ನಾ ಕಂಡಕ್ಟರ್ ಜೋಡಿ ನಗ್ಲಾಕತ್ತಿದ್ದೆ ಮೇಡಂ. ನಗದೇ ಇದ್ದಿದ್ರ ನಿಂದರ್ತಿತ್ತೇನು?"

ರಾಧಿಕಾ ಲೆಕ್ಕದ ಹಾಳೆ ಮಡಚಿದಳು. "ಅವತ್ತಿಂದು ನಾ ನೋಡಿಲ್ರಿ, ಸುಳ್ಳು ಹೇಳಂಗಿಲ್ಲ. ಈ ಜಾಗಾದ್ದು ಹೇಳ್ತೇನಿ. ನಲವತ್ತರಾಗ ಇಲ್ಲಿ ಯಾರೂ ನಿಂದರಸ್ಲಾಕ ಆಗಂಗಿಲ್ಲ. ಇಪ್ಪತ್ತೈದರಾಗ ಬಂದ್ರ ಆಗ್ತದ. ಅದಕ್ಕೇ ಸರ್ಕಲ್ ಬೇಕಂತೀನಿ ಕಾಕಾ. ಮಂದಿಗಿ ಹಗೂರ ಹೋಗ್ರಿ ಅಂದ್ರ ಹೋಗಂಗಿಲ್ಲ. ರಸ್ತಾ ತಿರುಗಿದ್ರ ತಾವೇ ಹಗೂರ ಆಗ್ತಾರ."

ಇಸ್ಮಾಯಿಲ ಕೋಲು ಹಿಡಿದುಕೊಂಡು ಬಂದು ಬಸ್ಸಿನ ಕಿಟಕಿಯ ಕೆಳಗೆ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. "ನಾ ಸುದ್ದಾ ಅವತ್ತು ಜಲ್ದಿ ಇದ್ದೆ ಸಾಬ್," ಎಂದ. "ಗಾಡಿ ನಿಂದರಸದೇ ಬಂದೆ. ನೀವು ಕೇಳ್ತೀರಿ ಅಂತ ನಾ ಕಾಯ್ದೆ. ನೀವು ಕೇಳ್ಲೇ ಇಲ್ಲ."

ಮಚ್ಛೇಂದ್ರ ಕಿಟಕಿಯಿಂದ ಕೈ ಚಾಚಿ ಅವನ ಹೆಗಲ ಮೇಲಿಟ್ಟ. ಅಂದು ಮನೆಗೆ ಹೋಗಿ ಮಧ್ಯಾಹ್ನವೇ ಮಲಗಿದವನು ಸಂಜೆ ದೀಪ ಹಚ್ಚುವ ಹೊತ್ತಿಗೆ ಎದ್ದ. ಕೇಶರಬಾಯಿ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದಳು. ಆಗ ಅವನು ಎಲ್ಲವನ್ನೂ ಹೇಳಿದ, ನಗುವಿನ ಸಂಗತಿಯನ್ನೂ.

"ಇಷ್ಟು ವರ್ಷ ಇದನ್ನ ಹೊತ್ಕೊಂಡು ತಿರಗಿದ್ರಿ?" ಎಂದು ಕೇಳಿ ಆಕೆ ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಚಹಾ ಬಂತು, ಎಂದಿಗಿಂತ ಸಿಹಿಯಾಗಿ.

ಆದರೂ ಬಸ್ಸು ತಿರುಗುತ್ತದೋ ಇಲ್ಲವೋ ಎಂಬ ಪ್ರಶ್ನೆ ಹಾಗೇ ಉಳಿದಿತ್ತು. ಮುಂದಿನ ವಾರ ಡಿಪೊದ ಹಿಂದಿನ ಬಯಲಿನಲ್ಲಿ ಸುಣ್ಣದ ಪುಡಿಯಿಂದ ಸರ್ಕಲ್ ಬರೆದರು. ಮಚ್ಛೇಂದ್ರ ಬಸ್ಸು ತಂದು ಸುತ್ತಿದ. ಬಲಗಡೆಯ ಹಿಂದಿನ ಗಾಲಿ ಸುಣ್ಣದ ಗೆರೆ ದಾಟಿ ಎರಡು ಅಡಿ ಒಳಗೆ ಹೋಯಿತು. ಸುತ್ತ ನಿಂತ ಡ್ರೈವರುಗಳು ನಕ್ಕರು. ಸಂಜುಕುಮಾರ ಕೈ ಕಟ್ಟಿಕೊಂಡು ರಾಧಿಕಾಳ ಮುಖ ನೋಡಿದ. ಆಕೆ ಬೇಸರ ಮಾಡಿಕೊಳ್ಳದೆ ಗಾಲಿಯ ಗುರುತು ಅಳೆದುಕೊಂಡಳು.

"ಬಸ್ ಬಿಡ್ರಿ ಮೇಡಂ," ಎಂದ ಮಚ್ಛೇಂದ್ರ. "ಕಬ್ಬಿನ ಟ್ರ್ಯಾಕ್ಟರ್ ನೋಡೀರೇನು? ಹಿಂದ ಎರಡು ಟ್ರೇಲರ್ ಇರ್ತಾವ. ಸೀಜನ್ ಬಂದ್ರ ದಿನಾ ನೂರು ಹೋಗ್ತಾವ ಆ ದಾರಿಲೆ. ಅದು ತಿರುಗಿದ್ರ ನಮ್ಮ ಬಸ್ ತಾನೇ ತಿರಗ್ತದ."

ಖಟಕ ಚಿಂಚೋಳಿಯಿಂದ ತನ್ನ ಗೆಳೆಯನೊಬ್ಬನ ಟ್ರ್ಯಾಕ್ಟರನ್ನು ಅವನೇ ತರಿಸಿದ, ಎರಡು ಟ್ರೇಲರ್ ಸಮೇತ. ಅದು ಇನ್ನೂ ಕೆಟ್ಟದಾಗಿ ಒಳಗೆ ನುಗ್ಗಿತು. ಅಂದು ಸಂಜೆಯವರೆಗೆ ಅಳೆದು, ಅಳಿಸಿ, ಮತ್ತೆ ಬರೆದರು. ಕೊನೆಗೆ ನಡುವಿನ ದುಂಡನ್ನು ಚಿಕ್ಕದು ಮಾಡಿ, ಅದರ ಸುತ್ತ ಒಂದು ಅಗಲವಾದ ಕಲ್ಲಿನ ಪಟ್ಟಿಗೆ ಜಾಗ ಗುರುತು ಮಾಡಿದರು. ನಾಲ್ಕೇ ಬೆರಳು ಎತ್ತರದ ಪಟ್ಟಿ. ದೊಡ್ಡ ಗಾಡಿಯ ಹಿಂದಿನ ಗಾಲಿ ಅದರ ಮೇಲೆ ಹತ್ತಿ ಇಳಿಯಬಹುದು, ಸಣ್ಣ ಗಾಡಿಗಳು ಅದನ್ನು ಕಂಡು ಹೊರಗೇ ಸುತ್ತುತ್ತವೆ. ಈ ಸಲ ಬಸ್ಸು ಸಲೀಸಾಗಿ ತಿರುಗಿತು. ಟ್ರ್ಯಾಕ್ಟರ್ ಕೂಡ ತಿರುಗಿತು.

ಅಕ್ಟೋಬರ್‌ನಲ್ಲಿ ಕ್ರಾಸಿನಲ್ಲಿ ಮರಳಿನ ಚೀಲ, ಬಿಳಿ ಬಣ್ಣದ ಡ್ರಮ್ಮುಗಳಿಂದ ತಾತ್ಕಾಲಿಕ ಸರ್ಕಲ್ ನಿಂತಿತು. ಕಟ್ಟಿಗೆಯ ರಾಶಿಯನ್ನು ಮಾಲೀಕರು ಹಿಂದಕ್ಕೆ ಸರಿಸಿದರು. ಮೊದಲ ವಾರ ದೊಡ್ಡ ಗೊಂದಲ. ಬಲಕ್ಕೆ ಹೋಗುವವರು ಸುತ್ತದೆ ನೇರವಾಗಿ ಎದುರು ದಿಕ್ಕಿನಲ್ಲಿ ನುಗ್ಗುತ್ತಿದ್ದರು. ಆಟೋ ಓಡಿಸುವ ಒವೈಸ ಎರಡು ಸಲ ಡ್ರಮ್ಮಿಗೆ ಗುದ್ದಿ, "ಇದೇನು ಮದರಂಗಿ ಹಾಕಿದಂಗ ರೋಡಿಗಿ ದುಂಡ ಹಾಕ್ಯಾರ," ಎಂದು ಬೈದ. ಮೂರನೇ ವಾರಕ್ಕೆ ಅವನೇ ತನ್ನ ಪ್ರಯಾಣಿಕರಿಗೆ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ ಬಿಡಬೇಕು ಎಂದು ವಿವರಿಸುತ್ತಿದ್ದನಂತೆ.

ಒಂದು ಬುಧವಾರ ಮಚ್ಛೇಂದ್ರನ ಬಸ್ಸಿನಲ್ಲಿ ಕಂಡಕ್ಟರ್ ತನ್ನ ಮಾವನ ಮನೆಯ ಎಮ್ಮೆ ಕಳೆದುಹೋದ ಕಥೆ ಹೇಳುತ್ತಿದ್ದ. ಮಚ್ಛೇಂದ್ರ ನಡುನಡುವೆ ಹೂಂಗುಟ್ಟುತ್ತ, ಒಂದೆರಡು ಪ್ರಶ್ನೆ ಕೇಳುತ್ತ ಬರುತ್ತಿದ್ದ. ಎಮ್ಮೆ ಸಿಕ್ಕಿತೆಂದು ಕಥೆ ಮುಗಿದಾಗ ಎದುರಿಗೆ ಬೀದರದ ಮೊದಲ ಪೆಟ್ರೋಲ್ ಬಂಕು. ಕಟ್ಟಿಗೆ ಅಡ್ಡಾ ಹಿಂದೆ ಹೋಗಿಬಿಟ್ಟಿತ್ತು. ಯಾವಾಗ ದಾಟಿದೆ ಎಂಬುದೇ ಅವನಿಗೆ ನೆನಪಿರಲಿಲ್ಲ. ಗಾಡಿಯ ವೇಗ ಇಳಿದಿತ್ತು, ಸುತ್ತಿ ಬಂದಿತ್ತು, ಅಷ್ಟೇ. ಅವನು ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿ, ತನ್ನಷ್ಟಕ್ಕೆ ನಕ್ಕ.

ಮೂರು ತಿಂಗಳ ಪ್ರಯೋಗವನ್ನು ರಾಧಿಕಾ ಜಗಳವಾಡಿ ಆರು ತಿಂಗಳು ಮಾಡಿಸಿದಳು. ಕಬ್ಬಿನ ಸೀಜನ್ ನೋಡದೆ ವರದಿ ಕೊಡುವುದಿಲ್ಲ ಎಂದಳಂತೆ. ಏಪ್ರಿಲ್‌ನಲ್ಲಿ ಬೀದರದಲ್ಲಿ ಸಭೆ ನಡೆಯಿತು. ಹಿಂದಿನ ವರ್ಷ ಅದೇ ಆರು ತಿಂಗಳಲ್ಲಿ ಒಂಬತ್ತು ಜನ ಆಸ್ಪತ್ರೆ ಸೇರಿದ್ದರು. ಈ ಸಲ ಒಬ್ಬ, ಅವನೂ ಮರುದಿನ ಮನೆಗೆ ಹೋದ. ಇಸ್ಮಾಯಿಲನ ಚೀಟಿ, ಕಂಬದ ಕ್ಯಾಮೆರಾ, ಎರಡೂ ಹೆಚ್ಚುಕಡಿಮೆ ಒಂದೇ ಮಾತು ಹೇಳಿದವು.

ಕ್ರಾಸಿನ ಅಂಗಡಿಗಳ ಹಿರಿಯ ಬಸವಣ್ಣೆಪ್ಪ ಎದ್ದು, ಎಲ್ಲರ ಮನಸ್ಸಿನಲ್ಲಿದ್ದುದನ್ನು ಕೇಳಿದ. "ಎಲ್ಲಾ ಖರೇ ಅದ ಮೇಡಂ. ಸರ್ಕಲ್ ಅಂದ ಮ್ಯಾಲ ನಡುವ ಯಾರದರೇ ಮೂರ್ತಿ ಬೇಕಲ್ರಿ. ಯಾರದು?"

ಸಭೆ ಸೆಟೆದುಕೊಂಡಿತು. ಮೂರ್ನಾಲ್ಕು ಕಡೆ ಜನ ಕುರ್ಚಿಯಲ್ಲಿ ಮುಂದಕ್ಕೆ ಸರಿದರು.

"ಯಾರದೂ ಇಲ್ರಿ," ಎಂದಳು ರಾಧಿಕಾ. "ಮೂರ್ತಿ ಇಟ್ರ ಮಂದಿ ಹಾರ ಹಾಕ್ಲಾಕ ನಡುವ ಹೋಗ್ತಾರ, ಗಾಡಿ ಬಡಿತಾವ. ನಮ್ಮ ಸಂಶೋಧನಿ ಒಳಗ ಅದು ಬ್ಯಾಡ ಅಂತ ಸಾಫ್ ಬರದಾರ. ಬರೇ ಹುಲ್ಲು."

ಬಸವಣ್ಣೆಪ್ಪ, "ಹುಲ್ಲೇ ಚೊಲೋ ಬಿಡ್ರಿ," ಎಂದು ಕುಳಿತ. ಮುಂದಕ್ಕೆ ಸರಿದವರೆಲ್ಲ ಹಿಂದಕ್ಕೆ ಒರಗಿದರು. ಜಗಳ ತಪ್ಪಿದ್ದು ಎಲ್ಲರಿಗೂ ಬೇಕಾಗಿತ್ತು ಎಂದು ಮಚ್ಛೇಂದ್ರನಿಗೆ ಅನಿಸಿತು.

ಅಧಿಕಾರಿಗಳು ಡ್ರೈವರುಗಳ ಆಕ್ಷೇಪಣೆಯ ಪತ್ರವನ್ನು ಓದಿ, ಬರೆದವರು ಯಾರೆಂದು ಕೇಳಿದರು. ಮಚ್ಛೇಂದ್ರ ಎದ್ದ. ಪಕ್ಕದಲ್ಲಿ ಸಂಜುಕುಮಾರ ಮುಖ ಗಂಟಿಕ್ಕಿಕೊಂಡು ಕುಳಿತಿದ್ದ.

"ನಾನೇ ಬರದೀನ್ರಿ. ಆಗ ಬರದದ್ದು ಸುಳ್ಳಲ್ರಿ, ಮೊದಲಿನ ಸರ್ಕಲ್ಲಿಗಿ ಬಸ್ ತಿರಗಿಲ್ಲ. ಅವರು ಅದನ್ನ ಬದಲಿ ಮಾಡ್ಯಾರ. ಆರು ತಿಂಗಳಿಂದ ದಿನಾ ನಾಕು ಸಲ ತಿರಗ್ಲಾಕತ್ತೀನಿ. ಪತ್ರ ವಾಪಸ್ ತಗೋತೇನ್ರಿ."

ಹೊರಗೆ ಬಂದಾಗ ಸಂಜುಕುಮಾರ ಬಿರಬಿರನೆ ಮುಂದೆ ನಡೆದ. ಕೊನೆಗೆ, "ನನಗ ಮೊದಲು ಹೇಳಬೇಕಿತ್ತಣ್ಣಾ," ಎಂದ.

"ಹೇಳಿದ್ರ ನೀ ಬ್ಯಾಡ ಅಂತಿದ್ದಿ."

"ಅಂತಿದ್ದೆ," ಎಂದು ಒಪ್ಪಿಕೊಂಡ ಸಂಜುಕುಮಾರ, ಚಹಾ ಅಂಗಡಿಯ ಕಡೆ ತಿರುಗಿದ.

ಕಲ್ಲು, ಸಿಮೆಂಟಿನ ಸರ್ಕಲ್ ಮುಗಿಯಲು ಮತ್ತೆ ಹತ್ತು ತಿಂಗಳು ಹಿಡಿಯಿತು. ವರದಿಯ ಒಂದು ಪ್ರತಿಯನ್ನು ರಾಧಿಕಾ ಮಚ್ಛೇಂದ್ರನಿಗೆ ಅಂಚೆಯಲ್ಲಿ ಕಳಿಸಿದ್ದಳು. ಇಂಗ್ಲಿಷಿನಲ್ಲಿದ್ದ ಅದನ್ನು ಮಗಳು ಪ್ರಣಿತಾ ಓದಿ ಹೇಳಿದಳು. ಹನ್ನೊಂದನೇ ಪುಟದಲ್ಲಿ, ಸ್ಥಳೀಯ ಬಸ್ ಚಾಲಕರೊಬ್ಬರ ಸಲಹೆಯ ಮೇರೆಗೆ ಕಬ್ಬಿನ ಟ್ರ್ಯಾಕ್ಟರನ್ನು ಪರೀಕ್ಷೆಗೆ ಸೇರಿಸಲಾಯಿತು ಎಂದಿತ್ತು.

"ಹೆಸರು ಹಾಕ್ಲಾಕ ಏನಾಗಿತ್ತು ಅವರಿಗೆ?" ಎಂದು ಕೇಶರಬಾಯಿ ಸಿಟ್ಟಾದಳು.

ಮಚ್ಛೇಂದ್ರನಿಗೆ ಅದರ ಚಿಂತೆ ಇರಲಿಲ್ಲ. ಟ್ರ್ಯಾಕ್ಟರ್ ಎಂಬ ಪದ ಎಲ್ಲಿದೆ ಎಂದು ಮಗಳಿಂದ ತೋರಿಸಿಕೊಂಡು, ಅದರ ಕೆಳಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದ.

ಆ ವರದಿ ಹಿಡಿದುಕೊಂಡು ಇಲಾಖೆಯವರು ಜಿಲ್ಲೆಯ ಇನ್ನೂ ಎರಡು ಕ್ರಾಸ್ ಆರಿಸಿದರು. ಒಂದು ಔರಾದ ರಸ್ತೆಯಲ್ಲಿ. ಮಚ್ಛೇಂದ್ರನ ನಿವೃತ್ತಿಗೆ ಆರು ತಿಂಗಳಿರುವಾಗ ರಾಧಿಕಾಳ ಫೋನು ಬಂತು. "ಕಾಕಾ, ರಜಾ ಇದ್ದ ದಿನ ಒಂದ್ಸಲ ಬಂದು ನೋಡ್ತೀರೇನ್ರಿ?"

ಕೇಶರಬಾಯಿಯ ಅಕ್ಕನ ಮನೆ ಔರಾದದಲ್ಲಿ. ಆಕೆಯೂ ಬುತ್ತಿ ಕಟ್ಟಿಕೊಂಡು ಹೊರಟಳು. ಕ್ರಾಸಿನಲ್ಲಿ ಹೊಸ ಎಂಜಿನಿಯರ್ ಒಬ್ಬ ನಕ್ಷೆ ಬಿಡಿಸಿ, ಬಸ್ಸು, ಲಾರಿ, ಟ್ರ್ಯಾಕ್ಟರ್ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದೇವೆ ಎಂದು ವಿವರಿಸಿದ. ಮಚ್ಛೇಂದ್ರ ನಕ್ಷೆ ನೋಡಿದ, ರಸ್ತೆ ನೋಡಿದ. ರಸ್ತೆಯ ಆ ಬದಿಗೆ ಒಂದು ಸರ್ಕಾರಿ ಶಾಲೆ, ಈ ಬದಿಗೆ ಊರು.

"ಸಾಲಿ ಮಕ್ಕಳು ಎಲ್ಲಿಂದ ದಾಟ್ತಾರ್ರಿ?"

ಎಂಜಿನಿಯರ್ ನಕ್ಷೆಯ ಮೇಲೆ ಒಂದು ಬಿಳಿ ಪಟ್ಟಿ ತೋರಿಸಿದ.

"ಅದು ನೀವು ದಾಟಸೋ ಜಾಗಾ. ಅವರು ದಾಟೋ ಜಾಗಾ ಎಲ್ಲಿ?" ಎಂದ ಮಚ್ಛೇಂದ್ರ. "ಸಾಲಿ ಎಷ್ಟಕ್ಕ ಬಿಡ್ತದ?"

"ನಾಲ್ಕೂವರೆಗೆ."

"ಹಂಗಾದ್ರ ನೋಡೇ ಹೋಗ್ತೇನಿ."

ಗಂಟೆ ಇನ್ನೂ ಎರಡು. ಕೇಶರಬಾಯಿ ಅಕ್ಕನಿಗೆ ಫೋನು ಮಾಡಿ, ಬರುವುದು ಸಂಜೆಯಾಗುತ್ತದೆ ಎಂದು ತಿಳಿಸಿದಳು. ಶಾಲೆಯ ಎದುರಿನ ಬೇವಿನ ನೆರಳಿಗೆ ಹೋಗಿ ಇಬ್ಬರೂ ಬುತ್ತಿ ಬಿಚ್ಚಿದರು. ನಕ್ಷೆ ಮಡಚುತ್ತ ನಿಂತಿದ್ದ ಎಂಜಿನಿಯರನನ್ನೂ ಆಕೆ ಊಟಕ್ಕೆ ಕರೆದಳು.